ಡೋಗೊನ್ ಜನರು ಮತ್ತು ಅನ್ಯಗ್ರಹದ ಕಥೆ: ಒಂದು ಸ್ಪಷ್ಟನೆ

ಮಾಲಿ ದೇಶದ ಡೋಗೊನ್ ರೈತರಿಗೆ ಲುಬ್ಧಕ (ಸಿರಿಯಸ್) ಎಂಬ ಹೊಳೆಯುವ ನಕ್ಷತ್ರದ ಪಕ್ಕದ, ಬರಿಗಣ್ಣಿಗೆ ಕಾಣದ ಜೋಡಿ ನಕ್ಷತ್ರವನ್ನು ಅನ್ಯಗ್ರಹದವರು ತಿಳಿಸಿದರು ಎನ್ನುವ ವಿಡಿಯೋ ಓಡಾಡುತ್ತಿದೆ. ಇದು ತಪ್ಪು. ಡೋಗೊನರಿಗೆ ಆ ನಕ್ಷತ್ರ ಗೊತ್ತಿತ್ತು ಎಂಬ ಮಾತಿನ ಮೂಲ ಇರುವುದು ಫ್ರೆಂಚ್ ಸಂಶೋಧಕರಾದ ಗ್ರಿಯೋಲ್ ಮತ್ತು ಡೀಟರ್ಲೆನ್ ಅವರ 1950ರ ಲೇಖನದಲ್ಲಿ. ಅಲ್ಲಿ ಅನ್ಯಗ್ರಹದ ಸುದ್ದಿಯೇ ಇಲ್ಲ. ದೂರದರ್ಶಕದಲ್ಲಿ ಆ ನಕ್ಷತ್ರ 1862ರಲ್ಲೇ ಕಂಡಿತ್ತು, ಅಂದರೆ ಲೇಖನ ಬರುವ ಹೊತ್ತಿಗೆ ಅದು ಹೊರಜಗತ್ತಿಗೆ ಗೊತ್ತಿದ್ದ ವಿಷಯವೇ. ಮುಂದೆ ಮಾನವಶಾಸ್ತ್ರಜ್ಞ ವಾನ್ ಬೀಕ್ ಡೋಗೊನರ ನಡುವೆಯೇ ಇದ್ದು ವಿಚಾರಿಸಿದರು. ಜೋಡಿ ನಕ್ಷತ್ರದ ಕಥೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು 1991ರಲ್ಲಿ ಬರೆದರು.

ಸುಮ್ನೆ ಆಕಾಶ ನೋಡುವ ಬದಲು ಅವರ ತೊಗುನಾ ನೋಡಿ. ಅದು ಊರ ಹಿರಿಯರ ಚಾವಡಿ. ಸಜ್ಜೆ ದಂಟು ಪೇರಿಸಿದ ದಪ್ಪ ಮಾಡು ಎಷ್ಟು ತಗ್ಗು ಅಂದರೆ, ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಸಿಟ್ಟಿನಲ್ಲಿ ಎದ್ದವರು ಮತ್ತೆ ಕೂತು ಮಾತಾಡಲೇಬೇಕು. ಈ ಜಾಣತನ ಅವರದೇ, ಅಲ್ವಾ?