ಬಿದ್ದರೂ ಮೀಸೆ ಮಣ್ಣಾಗದ ವೀರರು: ಆಟದಲ್ಲಿ ಬೀಳುವುದಕ್ಕೆ ನಿಜದ ಗುರುತ್ವ ಬೇಕೇ?

ಪರ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಸಾಹಸದ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮದಂತೆ, ಬಿದ್ದ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳ ಉರುಳಿಸಿ, ಬಂದಷ್ಟು ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವಬಲದ ಅಂಕ, ಕಳೆಯಬೇಕು. ಎಷ್ಟೇ ಎತ್ತರದಿಂದ ಬಿದ್ದರೂ ದಾಳಗಳು 20ನ್ನು ಮೀರುವುದಿಲ್ಲ. ಇಪ್ಪತ್ತು ದಾಳಗಳ ಸರಾಸರಿ 70. ಹತ್ತನೇ ಲೆವೆಲ್ಲಿನ ಗಟ್ಟಿಮುಟ್ಟಾದ ಯೋಧನ ಬಳಿ 90ಕ್ಕೂ ಹೆಚ್ಚು ಪಾಯಿಂಟ್ ಇರುತ್ತದೆ. ನಮ್ಮ ಮೇಜಿನಲ್ಲೇ ಆಟಗಾರರೊಬ್ಬರು 200 ಅಡಿಯ ಕಮರಿಯ ಅಂಚಿನಲ್ಲಿ ತಮ್ಮ ಯೋಧನನ್ನು ನಿಲ್ಲಿಸಿ, ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ 94ರಲ್ಲಿ 70 ಕಳೆದು, “ಸರಿ, ಹಾರುತ್ತೇನೆ” ಎಂದರು. ಅಷ್ಟು ಎತ್ತರದಿಂದ ಬಿದ್ದ ಮನುಷ್ಯ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಹೀಗಿರುವಾಗ ಕಮರಿಯ ವರ್ಣನೆಗೆ, ಕಥೆ ನಡೆಸುವ ಡಂಜನ್ ಮಾಸ್ಟರ್ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ.

ಗಾತ್ರದ ವಿಷಯದಲ್ಲಂತೂ ನಿಯಮ ಪೂರಾ ತಲೆಕೆಳಗು. ಆಟದ ಬೆಕ್ಕಿಗಿರುವುದು 2 ಪಾಯಿಂಟ್. 10 ಅಡಿಯ ಗೋಡೆಯಿಂದ ಜಿಗಿದರೆ ಆರರಲ್ಲಿ ಐದು ಪಾಲು ಅದರ ಕಥೆ ಮುಗಿದಂತೆ. ಆನೆಗೆ 76, ಅದು 200 ಅಡಿಯಿಂದ ಬಿದ್ದರೂ ಹೆಚ್ಚಿನ ಸಲ ಎದ್ದು ನಡೆಯುತ್ತದೆ. ಪ್ರಾಣಿಯ ಗಾತ್ರ ಕುಗ್ಗಿದಂತೆ ಮೈಯ ವಿಸ್ತಾರಕ್ಕಿಂತ ಬೇಗ ತೂಕ ಇಳಿಯುವುದರಿಂದ, ಗಾಳಿಯ ತಡೆ ಚಿಕ್ಕ ಜೀವಿಗಳನ್ನು ಕಾಯುತ್ತದೆ, ದೊಡ್ಡವನ್ನು ಕಾಯುವುದಿಲ್ಲ ಎಂಬುದನ್ನು ಮುಂದೆ ಭಾರತದ ಪೌರರಾದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ವಿವರಿಸಿದ್ದರು. ಡ್ರ್ಯಾಗನ್ನಿನ ಬೆಂಕಿ ಎಷ್ಟು ಸುಡುತ್ತದೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ನಿಯಮ ಹೇಳಿದ್ದನ್ನು ಒಪ್ಪುತ್ತೇವೆ. ಆದರೆ ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಕೈ ಮುರಿದುಕೊಂಡವರು ಪ್ರತಿ ಮೇಜಿನಲ್ಲೂ ಒಬ್ಬರಾದರೂ ಇರುತ್ತಾರೆ.

ವಿರೋಧ

ನಿಜದ ಗುರುತ್ವವನ್ನು ಆಟಕ್ಕೆ ತರುವ ಪ್ರಯತ್ನ ಹಿಂದೆಯೇ ನಡೆದಿದೆ, ಮತ್ತು ಅದರ ಗತಿ ಏನಾಯಿತೆಂಬುದು ಈ ಚರ್ಚೆಗೆ ಮುಖ್ಯ. 1978ರ ಆಟಗಾರರ ಕೈಪಿಡಿಯಲ್ಲೂ 10 ಅಡಿಗೆ ಒಂದು ದಾಳ ಎಂದೇ ಇತ್ತು. ಪೆಟ್ಟು ಕೂಡುತ್ತಾ ಹೋಗಬೇಕು, ಅಂದರೆ ಮೊದಲ 10 ಅಡಿಗೆ ಒಂದು, ಮುಂದಿನ ಹತ್ತಕ್ಕೆ ಇನ್ನೆರಡು, ಅದರಾಚೆಗೆ ಇನ್ನು ಮೂರು ದಾಳ ಎಂಬುದೇ ಮೂಲ ಉದ್ದೇಶವಾಗಿತ್ತೆಂದು ಆಟದ ಜನಕರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1980ರ ದಶಕದ ಆರಂಭದಲ್ಲಿ ಹೇಳಿದರು. ಆ ಲೆಕ್ಕದಲ್ಲಿ 60 ಅಡಿಗೇ 20 ದಾಳ ತುಂಬುತ್ತವೆ. ಬೀಳುವ ವಸ್ತುವಿನ ವೇಗ ಹೆಚ್ಚುತ್ತಲೇ ಹೋಗುತ್ತದೆ ಎಂಬುದು ಇದನ್ನು ಮೆಚ್ಚುವವರ ವಾದ. ಹೆಚ್ಚುವುದು ನಿಜ, ಆದರೆ ಕಾಲಕ್ಕೆ ತಕ್ಕಂತೆ. ಎರಡನೆಯ 10 ಅಡಿಯನ್ನು ದಾಟಲು ಮೊದಲ ಹತ್ತಕ್ಕಿಂತ ಕಡಿಮೆ ಹೊತ್ತು ಸಾಕು. ಗಾಳಿಯ ತಡೆಯನ್ನು ಬದಿಗಿಟ್ಟರೆ ನೆಲ ಮುಟ್ಟುವಾಗಿನ ಶಕ್ತಿ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ: ಎರಡು ಪಟ್ಟು ಎತ್ತರಕ್ಕೆ ಎರಡು ಪಟ್ಟು ಶಕ್ತಿ. ಎಂದರೆ ಎಲ್ಲರೂ ಹಳಿಯುವ ಸರಳ ನಿಯಮವೇ ಭೌತವಿಜ್ಞಾನಕ್ಕೆ ಹತ್ತಿರ. ವಾಸ್ತವದ ಹೆಸರಿನಲ್ಲಿ ತಿದ್ದಲು ಹೊರಟವರೇ ಲೆಕ್ಕ ತಪ್ಪಿದರು.

2017ರ ಪೂರಕ ಪುಸ್ತಕವೊಂದರ ಐಚ್ಛಿಕ ನಿಯಮದಲ್ಲಿ, ಆರು ಸೆಕೆಂಡಿನ ಒಂದು ಸುತ್ತಿಗೆ 500 ಅಡಿ ಬೀಳಬೇಕೆಂದಿದೆ. ಗಾಳಿಯೇ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಸುಮಾರು 580 ಅಡಿ ಬೀಳುತ್ತೇವೆ. ಗಾಳಿಯ ಪಾಲನ್ನು ಕಳೆದರೆ 500 ಎಂಬುದು ತಕ್ಕ ಅಂದಾಜೇ. ಇದಕ್ಕಿಂತ ಹೆಚ್ಚಿನ ನಿಖರತೆ ಬೇಕೆನ್ನುವವರು ಕ್ಯಾಲ್ಕುಲೇಟರ್ ಹಿಡಿದು ಕೂರಬೇಕಾಗುತ್ತದೆ, ಉಳಿದ ನಾಲ್ವರು ಚಹಾ ತರಲು ಏಳುತ್ತಾರೆ.

ಯೋಧ ಬದುಕುಳಿದನೆಂಬ ಆಕ್ಷೇಪಕ್ಕೂ ಉತ್ತರವಿದೆ. ಹಿಟ್ ಪಾಯಿಂಟ್ ಎಂದರೆ ಬರಿಯ ಮಾಂಸ-ಮೂಳೆಯಲ್ಲ. ಛಲವೂ ಅದೃಷ್ಟವೂ ಅದರಲ್ಲಿ ಸೇರಿವೆ ಎಂದು ನಿಯಮವೇ ಹೇಳುತ್ತದೆ. 1972ರಲ್ಲಿ ಸುಮಾರು 10,000 ಮೀಟರ್ ಎತ್ತರದಲ್ಲಿ ಒಡೆದುಹೋದ ವಿಮಾನದ ಅವಶೇಷದೊಡನೆ ಕೆಳಬಿದ್ದ ಗಗನಸಖಿ ವೆಸ್ನಾ ವುಲೊವಿಚ್ ಬದುಕಿದರು. ಕುರ್ಚಿಯಿಂದ ಬಿದ್ದು ಸತ್ತವರೂ ಇದ್ದಾರೆ. ಇಷ್ಟು ಅಂತರವಿರುವ ಕಡೆ ದಾಳವೇ ಪ್ರಾಮಾಣಿಕ ಸಾಧನ.

ಬೆಕ್ಕಿನ ವಿಷಯದಲ್ಲಿ ಮಾತ್ರ ಎದುರು ಪಕ್ಷದವರಿಗೆ ನಾನು ಉತ್ತರ ಕೊಡಲಾರೆ. ನಮ್ಮ ಮೇಜಿನಲ್ಲಿ ಬೆಕ್ಕು ಬಿದ್ದರೆ ಯಾರೂ ದಾಳ ಮುಟ್ಟುವುದಿಲ್ಲ.