ಸ್ಪಷ್ಟನೆ: ಟ್ರಂಪ್ ಅವರ 2017ರ ಮೆಲ್ಬರ್ನ್ ರ‍್ಯಾಲಿ ಸರ್ಕಾರಿ ಕಾರ್ಯಕ್ರಮ ಆಗಿರಲಿಲ್ಲ

‘ಅಧಿಕಾರಕ್ಕೆ ಬಂದ ತಿಂಗಳೊಳಗೇ ಟ್ರಂಪ್ ಸರ್ಕಾರದ ದುಡ್ಡಲ್ಲಿ ಚುನಾವಣಾ ರ‍್ಯಾಲಿ ಮಾಡಿದರು, ಅದು ಕಾನೂನುಬಾಹಿರ’ ಎಂಬ ಮಾತು ಹರಿದಾಡುತ್ತಿದೆ. ರ‍್ಯಾಲಿ ನಡೆದದ್ದು ನಿಜ. 2017ರ ಫೆಬ್ರುವರಿ 18ರಂದು, ಫ್ಲಾರಿಡಾದ ಮೆಲ್ಬರ್ನ್ ವಿಮಾನ ನಿಲ್ದಾಣದ ಹ್ಯಾಂಗರ್‌ನಲ್ಲಿ. ಆಸ್ಟ್ರೇಲಿಯಾದ ಮೆಲ್ಬರ್ನ್ ಅಲ್ಲ, ಸುಮ್ನೆ ಗೊಂದಲ ಬೇಡ.

ಆದರೆ ಅದನ್ನು ಏರ್ಪಡಿಸಿದ್ದು ಶ್ವೇತಭವನ ಅಲ್ಲ, ಅವರ ಪ್ರಚಾರ ಸಮಿತಿ. ಪ್ರಮಾಣವಚನ ತೆಗೆದುಕೊಂಡ ಜನವರಿ 20ರಂದೇ ಟ್ರಂಪ್ 2020ರ ಚುನಾವಣೆಗಾಗಿ ಫೆಡರಲ್ ಚುನಾವಣಾ ಆಯೋಗಕ್ಕೆ ಕಾಗದಪತ್ರ ಸಲ್ಲಿಸಿದ್ದರು. ಹಾಗಾಗಿ ಸಮಿತಿ ದೇಣಿಗೆ ಎತ್ತಬಹುದಿತ್ತು, ಸಭೆಗೆ ಖರ್ಚೂ ಮಾಡಬಹುದಿತ್ತು. ಸರ್ಕಾರಿ ನೌಕರರ ರಾಜಕೀಯ ಚಟುವಟಿಕೆಗೆ ಕಡಿವಾಣ ಹಾಕುವ ಹ್ಯಾಚ್ ಕಾಯ್ದೆ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ ಅನ್ವಯಿಸುವುದಿಲ್ಲ.

ಹಾಗಂತ ಸರ್ಕಾರಕ್ಕೆ ಒಂದು ಪೈಸೆಯೂ ತಗಲಲಿಲ್ಲ ಅಂತಲ್ಲ. ಅಧ್ಯಕ್ಷರ ಭದ್ರತೆ ಎಲ್ಲಿದ್ದರೂ ಸರ್ಕಾರದ್ದೇ. ಅಧ್ಯಕ್ಷರ ಸರ್ಕಾರಿ ವಿಮಾನ ಏರ್ ಫೋರ್ಸ್ ಒನ್ ಬಳಸಿದರೆ ಪ್ರಚಾರ ಸಮಿತಿ ಒಂದು ಲೆಕ್ಕಾಚಾರದ ಪ್ರಕಾರ ಸ್ವಲ್ಪ ಹಣ ವಾಪಸ್ ಕೊಡಬೇಕು. ವಿಮಾನ ಹಾರಿಸುವ ಖರ್ಚಿಗೆ ಹೋಲಿಸಿದರೆ ಅದು ತೀರಾ ಕಡಿಮೆ. ಈ ದೂರು ಹಿಂದಿನ ಅಧ್ಯಕ್ಷರ ಮೇಲೂ ಇತ್ತು.

‘ಎಲ್ಲರೂ ಮಾಡ್ತಾರೆ, ಒಬಾಮಾ ಮಾಡಲಿಲ್ವಾ?’ ಎಂಬ ಎದುರುವಾದವೂ ಪೂರ್ತಿ ಸರಿಯಲ್ಲ. 2009ರ ಫೆಬ್ರುವರಿಯಲ್ಲಿ ಒಬಾಮಾ ಇಂಡಿಯಾನಾದ ಎಲ್ಕ್‌ಹಾರ್ಟ್ ಮತ್ತು ಫ್ಲಾರಿಡಾದ ಫೋರ್ಟ್ ಮೈಯರ್ಸ್‌ಗೆ ಹೋಗಿದ್ದು ಆರ್ಥಿಕ ಪ್ಯಾಕೇಜಿನ ಪರವಾಗಿ ಮಾತನಾಡಲು, ಅಧ್ಯಕ್ಷರಾಗಿ. ಮರುಚುನಾವಣೆಗೆ ಅವರು ಕಾಗದ ಸಲ್ಲಿಸಿದ್ದು 2011ರ ಏಪ್ರಿಲ್‌ನಲ್ಲಿ. ಟ್ರಂಪ್ ಇಷ್ಟು ಬೇಗ ಶುರು ಮಾಡಿದ್ದು ಹೊಸದೇ. ಕಾನೂನುಬಾಹಿರ ಮಾತ್ರ ಅಲ್ಲ.