ತೆಳು ಗಂಜಿಯ ಲೆಕ್ಕ

ಮಕ್ಕಳ ಊಟಕ್ಕೆ ಕಬ್ಬಿಣ, ವಿಟಮಿನ್ ಬೆರೆಸಿದ ಸಾರವರ್ಧಿತ ಅಕ್ಕಿಯೋ, ನಮ್ಮ ರಾಗಿಯೋ ಅನ್ನುವ ಜಗಳ ಮತ್ತೆ ಶುರುವಾಗಿದೆ. ಒಂದು ಕಡೆಯವರು ‘ಪ್ಲಾಸ್ಟಿಕ್ ಅಕ್ಕಿ’ ಅಂತ ವಿಡಿಯೋ ಹಂಚುತ್ತಾರೆ. ಇನ್ನೊಂದು ಕಡೆಯವರು ‘ರಾಗಿ ತಿಂದವ ನಿರೋಗಿ’ ಅನ್ನುತ್ತಾರೆ. ಇಬ್ಬರೂ ಎಂಟು ತಿಂಗಳ ಮಗುವಿನ ಬಟ್ಟಲನ್ನು ನೋಡುತ್ತಿಲ್ಲ ಅನ್ನೋದು ನನ್ನ ತಕರಾರು. ಆ ಬಟ್ಟಲಲ್ಲಿ ಯಾವ ಧಾನ್ಯವಿದೆ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ನೀರೆಷ್ಟು, ಹಿಟ್ಟೆಷ್ಟು ಅಂತ.

ಲೆಕ್ಕ ಹಾಕೋಣ. ಆರರಿಂದ ಎಂಟು ತಿಂಗಳ ಮಗುವಿಗೆ ತಾಯಿಹಾಲಿನ ಜೊತೆಗೆ ಹೊರಗಿನ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ 300, ಒಂದು ವರ್ಷ ದಾಟಿದ ಮೇಲೆ 550. ಎಂಟು ತಿಂಗಳ ಮಗು ಒಂದು ಹೊತ್ತಿಗೆ ಅರ್ಧ ಬಟ್ಟಲು, ಅಂದರೆ 125 ಮಿ.ಲೀ. ತಿಂದರೆ ಹೆಚ್ಚು. ಎರಡು ಹೊತ್ತು ಸೇರಿ 250 ಮಿ.ಲೀ. ಈಗ ನಮ್ಮ ಮನೆಗಳಲ್ಲಿ ಮಾಡುವ ತೆಳು ಗಂಜಿ ತೆಗೆದುಕೊಳ್ಳಿ. ಒಂದು ಲೋಟ ನೀರಿಗೆ ಎರಡು ಚಮಚ ರಾಗಿ ಹಿಟ್ಟು, ಸುಮಾರು 10 ಗ್ರಾಂ. 250 ಮಿ.ಲೀ.ಗೆ ಹನ್ನೆರಡೂವರೆ ಗ್ರಾಂ ಆಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಹಾಗಾದರೆ ಮಗುವಿಗೆ ಸಿಕ್ಕಿದ್ದು ಬರೀ 40. ಬೇಕಾದ್ದು 200. ಹೊಟ್ಟೆ ತುಂಬಿದೆ, ಮಗು ಮಲಗಿದೆ, ಅಮ್ಮನಿಗೆ ಸಮಾಧಾನವಾಗಿದೆ. ಆದರೆ ತುಂಬಿದ್ದು ನೀರು.

ಗಂಜಿ ತೆಳುವಾಗೋದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಹಿಟ್ಟು ಜಾಸ್ತಿ ಹಾಕಿದರೆ ಗಂಜಿ ಗಟ್ಟಿಯಾಗಿ ಸೌಟು ನಿಲ್ಲುತ್ತದೆ, ಮಗು ಉಗುಳುತ್ತದೆ. ಒಳಲೆಯಲ್ಲಿ (ಮಗುವಿನ ಬಾಯಿಗೆ ಹೊಯ್ಯುವ ಪುಟ್ಟ ಬಟ್ಟಲು) ಹೊಯ್ಯುವ ರೂಢಿ ಇರುವ ಕಡೆ ಅದು ಹರಿಯೋದೇ ಇಲ್ಲ. ಹಾಗಾಗಿ ನೀರು ಸೇರಿಸುತ್ತಾರೆ. ಬೇಳೆ ಕಟ್ಟಿನದ್ದೂ ಇದೇ ಕಥೆ. ಮೇಲಿನ ತಿಳಿಯನ್ನು ಮಗುವಿಗೆ ಕೊಟ್ಟು, ತಳದಲ್ಲಿ ಕೂತ ಬೇಳೆಯನ್ನು ದೊಡ್ಡವರ ಸಾರಿಗೆ ಹಾಕುತ್ತೇವೆ. ಪ್ರೋಟೀನ್ ಹೆಚ್ಚಾಗಿ ಆ ತಳದಲ್ಲೇ ಇರುತ್ತದೆ.

ಇದಕ್ಕೆ ಪರಿಹಾರ ನಮ್ಮಲ್ಲೇ ಇದೆ, ಹಳೆಯದು ಕೂಡ: ಮೊಳಕೆ ಕಟ್ಟಿದ ರಾಗಿ. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡು ಮಾಡುತ್ತದೆ. ತುಂಡಾದ ಪಿಷ್ಟ ನೀರು ಹೀರಿ ಉಬ್ಬುವುದಿಲ್ಲ, ಹಾಗಾಗಿ ಹಿಟ್ಟು ನಾಲ್ಕು ಪಟ್ಟು ಹಾಕಿದರೂ ಮಗುವಿನ ಗಂಜಿ, ಅಂದರೆ ‘ಸರಿ’, ಚಮಚದಿಂದ ಜಾರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 1980ರ ದಶಕದ ಆರಂಭದಲ್ಲೇ ಮೊಳಕೆ ರಾಗಿ 70 ಪಾಲು, ಮೊಳಕೆ ಹೆಸರುಕಾಳು 30 ಪಾಲು ಸೇರಿಸಿ ಶಿಶು ಆಹಾರ ರೂಪಿಸಿದ್ದರು. ಈ ಮಿಶ್ರಣದ 50 ಗ್ರಾಂ ಅನ್ನು 250 ಮಿ.ಲೀ.ಗೆ ಬೇಯಿಸಿದರೆ ಸುಮಾರು 160 ಕ್ಯಾಲೊರಿ, ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಿದರೆ ಇನ್ನೊಂದು 45. ಅದೇ ಬಟ್ಟಲು, ಅದೇ ಎರಡು ಹೊತ್ತು, ಆದರೆ 40 ಇದ್ದದ್ದು 200 ದಾಟಿತು. ಹೆಸರುಕಾಳು ಯಾಕೆ ಅಂದರೆ ರಾಗಿಯಲ್ಲಿ ಪ್ರೋಟೀನಿನ ಒಂದು ಮುಖ್ಯ ಘಟಕವಾದ ಲೈಸಿನ್ ಕಡಿಮೆ, ಕಾಳಿನಲ್ಲಿ ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮಾಡುವ ಕ್ರಮ ಹೇಳುತ್ತೇನೆ, ಯಾಕೆಂದರೆ ಕೆಡುವುದು ಈ ಕ್ರಮದಲ್ಲೇ. 700 ಗ್ರಾಂ ರಾಗಿಯನ್ನು ಕಲ್ಲು ಮಣ್ಣು ಹೋಗುವ ತನಕ ತೊಳೆದು 12 ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಎರಡು ದಿನ ನೆರಳಲ್ಲಿಡಿ, ಬಟ್ಟೆ ಒಣಗಿದಾಗ ನೀರು ಚಿಮುಕಿಸಿ. 300 ಗ್ರಾಂ ಹೆಸರುಕಾಳನ್ನು ಬೇರೆಯಾಗಿ 8 ಗಂಟೆ ನೆನೆಸಿ ಒಂದು ದಿನ ಮೊಳಕೆಗೆ ಬಿಟ್ಟರೆ ಸಾಕು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ. ರಾಗಿ ಮೊಳೆಯುವಷ್ಟರಲ್ಲಿ ಹೆಸರುಕಾಳು ಲೋಳೆಯಾಗಿ ನಾರುತ್ತದೆ. ಮಳೆಗಾಲದಲ್ಲಿ ಗಂಟು ಬಿಗಿಯಾದರೆ ನಡುವೆ ಗಾಳಿಯಾಡದೆ ಬೂಸ್ಟು ಹಿಡಿಯುತ್ತದೆ. ಬಿಳಿ ಬೇರಿಗೂ ಬೂಸ್ಟಿಗೂ ವ್ಯತ್ಯಾಸ ತಿಳಿಯಲು ಮೂಗಿನ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಪೂರ್ತಿ ಎಸೆಯಿರಿ. ಬೂಸ್ಟಿನ ವಿಷ ಹುರಿದರೂ ಬೇಯಿಸಿದರೂ ಹೋಗುವುದಿಲ್ಲ.

ಬಿಸಿಲಲ್ಲಿ ತೆಳುವಾಗಿ ಹರಡಿ, ಹಲ್ಲಿಗೆ ಕಟುಕ್ಕೆನ್ನುವಷ್ಟು ಒಣಗಿಸಿ. ಕೈಯಲ್ಲಿ ಉಜ್ಜಿದರೆ ಬೇರು ಉದುರುತ್ತದೆ, ಮೊರದಲ್ಲಿ ಕೇರಿ ತೆಗೆಯಿರಿ. ಇನ್ನು ಹುರಿಯುವುದು. ತೊಂಬತ್ತು ಪಾಲು ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ ಅಂತ ನನ್ನ ಅಂದಾಜು. ಘಮ ಬರಲಿ ಅಂತ ಕೆಂಪಗೆ ಹುರಿಯುತ್ತೇವೆ. ಘಮ ಬರುತ್ತದೆ, ಕಿಣ್ವ ಸಾಯುತ್ತದೆ. ಎರಡು ದಿನದ ಮೊಳಕೆಯ ಶ್ರಮವೆಲ್ಲ ಬಾಣಲೆಯಲ್ಲಿ ಹೋಯಿತು. ಹುರಿಹಿಟ್ಟಿನಲ್ಲೂ ಕಿಣ್ವ ಇರುವುದಿಲ್ಲ. ಅದು ರುಚಿಯಾದ ತಿಂಡಿ ನಿಜ, ಆದರೆ ಗಂಜಿಯನ್ನು ತೆಳುವಾಗಿಸುವ ಕೆಲಸ ಅದರಿಂದಾಗದು. ಸಣ್ಣ ಉರಿಯಲ್ಲಿ ಕಾಳು ಬೆಚ್ಚಗಾಗಿ, ಕೈಯಾಡಿಸಿದರೆ ಕೈ ಸಹಿಸುವಷ್ಟಿದ್ದಾಗಲೇ ಇಳಿಸಿ. ಘಮ ಬೇಕೇ ಬೇಕೆಂದರೆ ಮುಕ್ಕಾಲು ಪಾಲು ಹುರಿದು, ಕಾಲು ಪಾಲನ್ನು ಹುರಿಯದೆ ಬೀಸಿ ಬೆರೆಸಿ. ಸ್ವಲ್ಪ ಕಿಣ್ವ ಉಳಿದರೂ ಬಟ್ಟಲಿಗೆ ಸಾಕು.

ಬೇಯಿಸುವಾಗಲೂ ಒಂದು ಎಚ್ಚರ. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವ ಕ್ಷಣದಲ್ಲಿ ಸಾಯುತ್ತದೆ, ಗಂಟೂ ಕಟ್ಟುತ್ತದೆ. ತಣ್ಣೀರಲ್ಲಿ ಹಿಟ್ಟು ಕಲಸಿ ಸಣ್ಣ ಉರಿಯಲ್ಲಿಡಿ, ಹತ್ತು ನಿಮಿಷ ಕದಡುತ್ತಲೇ ಇರಿ. ಮೊದಲು ಗಟ್ಟಿಯಾಗುತ್ತಾ ಬರುತ್ತದೆ, ನೀರು ಹಾಕಬೇಕು ಅನ್ನಿಸುತ್ತದೆ. ಹಾಕಬೇಡಿ. ಹಬೆಯಾಡುವ ಹದದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಣ್ಣೆದುರೇ ಸಡಿಲವಾಗಿ ಸೌಟಿನಿಂದ ಇಳಿಯತೊಡಗುತ್ತದೆ. ಆಮೇಲೆ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ. ಈ ಕುದಿ ಬಿಡುವಂತಿಲ್ಲ, ಮೊಳಕೆ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿರುತ್ತವೆ.

ಕಡಲೆಕಾಯಿ ಸೇರಿಸುವವರು ಒಂದು ವಾರಕ್ಕಾಗುವಷ್ಟೇ ಪುಡಿ ಮಾಡಿ ಬೇರೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಎಣ್ಣೆಯಂಶ ಕಮಟು ಹಿಡಿದು ಇಡೀ ಹಿಟ್ಟು ಹಾಳು. ಸುಕ್ಕಿದ, ಕಪ್ಪಾದ ಬೀಜ ಆರಿಸಿ ಬಿಸಾಡಿ.

ಇಷ್ಟಾಯಿತು ಅಂದರೆ ಎಲ್ಲವೂ ಆಯಿತೇ? ಇಲ್ಲ. ಇನ್ನು ರಾಗಿ ಅಭಿಮಾನಿಗಳಿಗೆ ಹಿಡಿಸದ ಮಾತು. ರಾಗಿಯ ಸುಣ್ಣದಂಶ (ಕ್ಯಾಲ್ಸಿಯಂ) ಅದ್ಭುತ, ನೂರು ಗ್ರಾಂಗೆ 364 ಮಿ.ಗ್ರಾಂ, ಹಸುವಿನ ಹಾಲಿಗಿಂತ ಮೂರು ಪಟ್ಟು. ಕಬ್ಬಿಣ ಮಾತ್ರ ಸುಮಾರು ನಾಲ್ಕೂವರೆ ಮಿ.ಗ್ರಾಂ, ಅದರಲ್ಲೂ ಕಾಳಿನಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಅನ್ನುವ ಅಂಶಗಳು ಹಿಡಿದಿಟ್ಟುಕೊಂಡು ದೇಹಕ್ಕೆ ಬಿಡುವುದು ಕಡಿಮೆ. ಮೊಳಕೆಯಿಂದ ಫೈಟೇಟ್ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ರಾಗಿ ಬೆಳೆಯುವ ನಾಡಿನಲ್ಲೇ ರಕ್ತಹೀನತೆ ಏರಿದೆ ಅನ್ನುವುದನ್ನು ನುಂಗಿಕೊಳ್ಳಲೇಬೇಕು. ನುಗ್ಗೆಸೊಪ್ಪಿನ ಪುಡಿ ಒಂದು ಚಿಟಿಕೆ ಹಾಕಿದರೆ ಸರಿಹೋಗುತ್ತದೆ ಅನ್ನುವುದೂ ಆಸೆಯಷ್ಟೇ.

ಹಾಗಾದರೆ ಸಾರವರ್ಧಿತ ಅಕ್ಕಿ? ಮೊದಲು ಅದು ಏನೆಂದು ತಿಳಿಯೋಣ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಯಂತ್ರದಲ್ಲಿ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ ತೆಗೆಯುತ್ತಾರೆ. ಅಂಥ ಕಾಳು ಒಂದಕ್ಕೆ ಮಾಮೂಲಿ ಅಕ್ಕಿ ನೂರು ಪಾಲು. ತೊಳೆಯುವಾಗ ಮೇಲೆ ತೇಲುವುದು ಇವೇ. ಪ್ಲಾಸ್ಟಿಕ್ ಅಂತ ಆರಿಸಿ ಎಸೆದರೆ ಇದ್ದ ಸಾರವನ್ನೆಲ್ಲ ಎಸೆದಂತೆ. ಒಂದೇ ಸಲ, ಕಡಿಮೆ ನೀರಲ್ಲಿ ತೊಳೆಯಿರಿ. ಥಲಸ್ಸೇಮಿಯ, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು.

ಈಗ ಇದರ ಲೆಕ್ಕ. ಕಿಲೋ ಅಕ್ಕಿಗೆ 28ರಿಂದ 42.5 ಮಿ.ಗ್ರಾಂ ಕಬ್ಬಿಣ ಇರಬೇಕೆಂದು ನಿಯಮ. ಶಾಲೆಯಲ್ಲಿ 100 ಗ್ರಾಂ ಅಕ್ಕಿಯ ಊಟ ಮಾಡುವ ಮಗುವಿಗೆ ಸುಮಾರು 3ರಿಂದ 4 ಮಿ.ಗ್ರಾಂ ಸಿಗುತ್ತದೆ, ತಳ್ಳಿಹಾಕುವ ಮೊತ್ತವಲ್ಲ. ಆದರೆ ಒಂದೂವರೆ ವರ್ಷದ ಮಗು ದಿನಕ್ಕೆ ತಿನ್ನುವ ಅಕ್ಕಿ 40 ಗ್ರಾಂ. ಅದರಿಂದ ಬರುವುದು ಒಂದರಿಂದ ಒಂದೂಮುಕ್ಕಾಲು ಮಿ.ಗ್ರಾಂ. ಬೇಕಾದ್ದು 8. ಹೆಚ್ಚಾಗಿ ಬಳಸುವ ಕಬ್ಬಿಣದ ರೂಪ ಫೆರಿಕ್ ಪೈರೋಫಾಸ್ಫೇಟ್. ಅದು ಅನ್ನಕ್ಕೆ ಬಣ್ಣ, ವಾಸನೆ ತರುವುದಿಲ್ಲ ನಿಜ, ಹೀರಿಕೆಯೂ ಸಾಧಾರಣವೇ. ಅಂದರೆ ಈ ಅಕ್ಕಿ ಶಾಲೆಯ ಮಕ್ಕಳಿಗೆ ನೆರವು, ಎಳೆಯ ಮಗುವಿಗೆ ಅಲ್ಲ. ಎಳೆಯ ಮಗುವಿಗೆ ಇರುವ ದಾರಿ ಅಂಗನವಾಡಿ, ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್. ವಾರಕ್ಕೆ ಎರಡು ಸಲ ಒಂದು ಮಿ.ಲೀ., ಅದರಲ್ಲಿ 20 ಮಿ.ಗ್ರಾಂ ಕಬ್ಬಿಣ. ಮಲ ಕಪ್ಪಾಯಿತು ಅಂತ ಹೆದರಿ ನಿಲ್ಲಿಸುವವರೇ ಹೆಚ್ಚು. ಕಪ್ಪಾಗುವುದು ಸಹಜ.

ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನವನ್ನು ಈ ಜಗಳದಲ್ಲಿ ಎಳೆದು ತರುತ್ತಾರೆ. ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯದು, ಶಾಲೆಗಳಿಗೆ ಅಕ್ಷಯ ಪಾತ್ರೆ ಸಂಸ್ಥೆ ಒದಗಿಸುವ ಬಿಸಿಯೂಟದಲ್ಲಿ ಸಾರವರ್ಧಿತ ಅಕ್ಕಿಯ ಬದಲು ಸಿರಿಧಾನ್ಯದ ಇಡ್ಲಿ, ಬಿಸಿಬೇಳೆಬಾತ್, ಉಪ್ಪಿಟ್ಟು ಕೊಟ್ಟು ನೋಡಿದ್ದು, 2019ರಲ್ಲಿ ಪ್ರಕಟವಾಯಿತು. ಸಿರಿಧಾನ್ಯ ತಿಂದ ಮಕ್ಕಳ ಬೆಳವಣಿಗೆ ಚೆನ್ನಾಗಿತ್ತು. ಮಕ್ಕಳಿಗೆ ರುಚಿಸಿತು ಅನ್ನುವುದು ನನಗೆ ಅದರಲ್ಲಿ ಮುಖ್ಯವಾಗಿ ಕಂಡಿತು. ಆದರೆ ನಡೆದದ್ದು ಮೂರೇ ತಿಂಗಳು, ಮಕ್ಕಳು ಹದಿಹರೆಯದವರು. ಅದನ್ನು ಹಿಡಿದು ಎಂಟು ತಿಂಗಳ ಮಗುವಿನ ಬಗ್ಗೆ ತೀರ್ಪು ಕೊಡುವುದು ತಪ್ಪು.

ಮೊಟ್ಟೆಯ ಪಾಠ ಇನ್ನೂ ಸೊಗಸು. ಈಕ್ವೆಡಾರ್‌ನಲ್ಲಿ ಆರರಿಂದ ಒಂಬತ್ತು ತಿಂಗಳ ಶಿಶುಗಳಿಗೆ ಆರು ತಿಂಗಳ ಕಾಲ ದಿನಕ್ಕೊಂದು ಮೊಟ್ಟೆ ಕೊಟ್ಟರು, ಕುಂಠಿತ ಬೆಳವಣಿಗೆ ಶೇ. 47ರಷ್ಟು ಇಳಿಯಿತು ಅಂತ 2017ರ ವರದಿ. ಅದೇ ಪ್ರಯೋಗವನ್ನು ಆಫ್ರಿಕಾದ ಮಲಾವಿಯಲ್ಲಿ ಮಾಡಿದಾಗ ಎತ್ತರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಸರೋವರದ ಪಕ್ಕದ ಊರುಗಳು, ಮಕ್ಕಳ ಊಟದಲ್ಲಿ ಮೊದಲೇ ಮೀನಿತ್ತು. ನಮ್ಮಲ್ಲಿ ಕರಾವಳಿಯ ಮೀನೂಟದ ಮನೆಗೂ, ಕಲ್ಯಾಣ ಕರ್ನಾಟಕದಲ್ಲಿ ರೊಟ್ಟಿಯನ್ನು ಸಾರಲ್ಲಿ ನೆನೆಸಿ ತಿನ್ನಿಸುವ ಮನೆಗೂ ಒಂದೇ ಸಲಹೆ ಒಪ್ಪುವುದಿಲ್ಲ. ಮೊಟ್ಟೆ ಒಗ್ಗುವ ಮನೆಯಲ್ಲಿ ಪೂರ್ತಿ ಬೆಂದ ಮೊಟ್ಟೆಯನ್ನು ಕಿವುಚಿ ಸರಿಯಲ್ಲಿ ಕಲಸಿ. ಒಗ್ಗದ ಮನೆಯಲ್ಲಿ ಬೇಳೆಯ ತಳ, ಮೊಸರು, ಮೇಲೆ ನಾಲ್ಕು ಹನಿ ನಿಂಬೆರಸ. ಈ ಹುಳಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ, ಟೀ ತಡೆಯುತ್ತದೆ. ಎಳೆ ಮಕ್ಕಳಿಗೆ ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ.

ಅಂಗನವಾಡಿಯಿಂದ ಮನೆಗೆ ಬರುವ ‘ಪುಷ್ಟಿ’ ಅನ್ನುವ ಪೂರಕ ಆಹಾರದ ಪೊಟ್ಟಣ ಎಳೆಯ ಮಗುವಿನದ್ದು. 2013ರ ಆಹಾರ ಭದ್ರತಾ ಕಾಯ್ದೆ ಬಂದಾಗ ಅದಕ್ಕಿಟ್ಟ ಲೆಕ್ಕ ದಿನಕ್ಕೆ 500 ಕ್ಯಾಲೊರಿ. ಮನೆಯಲ್ಲಿ ಅಣ್ಣ, ಅಕ್ಕ, ಅಜ್ಜಿ ಎಲ್ಲರಿಗೂ ಹಂಚಿದರೆ ಮಗುವಿಗೆ ಎರಡು ಚಮಚ ಉಳಿಯುತ್ತದೆ, ಅದಕ್ಕೆ ಮತ್ತೆ ಒಂದು ಲೋಟ ನೀರು. ತಿಂಗಳಿಗೊಮ್ಮೆ ತೂಕ ಹಾಕುವ ದಿನ, ಅಂಗನವಾಡಿ ಕಾರ್ಯಕರ್ತೆ ಒಂದು ಬಟ್ಟಲು, ಒಂದು ಚಮಚ ಇಟ್ಟುಕೊಂಡು ತಾಯಂದಿರ ಮುಂದೆ ಸರಿ ಮಾಡಿ ತೋರಿಸಲಿ. ಚಮಚ ಓರೆ ಮಾಡಿದಾಗ ಸುರಿಯದೆ ನಿಧಾನಕ್ಕೆ ಜಾರಬೇಕು, ಅದೇ ಹದ.